ಓದುಗರ ಪ್ರಶ್ನೆ: ಮೈಟರ್ ಸಾ ಮೇಲೆ ಪಿವಿಸಿ ಪೈಪ್

ಪ್ರಶ್ನೆ: ಮರದ ಕೆಲಸಕ್ಕೆಂದು ಕೊಂಡ 10 ಇಂಚಿನ ಮೈಟರ್ ಸಾ (ತಿರುಗುವ ಬ್ಲೇಡನ್ನು ಮೇಲಿಂದ ಇಳಿಸಿ ಕೊಯ್ಯುವ ಯಂತ್ರ) ಇದೆ. ಗದ್ದೆಗೆ ನೀರು ಹಾಯಿಸುವ 90 ಎಂಎಂ ಪಿವಿಸಿ ಪೈಪನ್ನು ಅದರಲ್ಲೇ ಕತ್ತರಿಸಲು ಹೋದಾಗ ಬ್ಲೇಡ್ ಗಕ್ಕನೆ ಕಚ್ಚಿ, ಪೈಪ್ ಗಿರ್ರನೆ ತಿರುಗಿ, ತುದಿ ಸೀಳಿ ಚೂರು ಹಾರಿತು. ಯಂತ್ರವೇ ಸರಿಯಿಲ್ಲವೇ?
– ಓದುಗರು, ಸಿಂಧನೂರು

ಉತ್ತರ: ಯಂತ್ರ ಸರಿಯಾಗಿಯೇ ಇದ್ದೀತು. ಮೊದಲು ಬ್ಲೇಡ್‌ನ ಹಲ್ಲು ಎಣಿಸಿ ನೋಡಿ. ಮರ ಸೀಳುವ 24 ಹಲ್ಲಿನ ಬ್ಲೇಡ್ ಆಗಿದ್ದರೆ ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ಸುಮಾರು 33 ಎಂಎಂ ಅಂತರ. ಹೊಲದ ಪೈಪಿನ ಗೋಡೆ ದಪ್ಪ ಎರಡು, ಮೂರು ಎಂಎಂ ಅಷ್ಟೇ. ಅಷ್ಟು ತೆಳು ಗೋಡೆಗೆ ಹಲ್ಲು ಬಂದು ಬಡಿಯುತ್ತದೆಯೇ ಹೊರತು ಕೊಯ್ಯುವುದಿಲ್ಲ. 80 ಹಲ್ಲಿನ ಕಾರ್ಬೈಡ್ ಬ್ಲೇಡ್ ಹಾಕಿದರೆ ಅಂತರ 10 ಎಂಎಂಗೆ ಇಳಿಯುತ್ತದೆ. ಹಲ್ಲಿನ ಮೂತಿ ಮುಂದಕ್ಕೆ ಬಾಗಿರಬಾರದು. ನೇರವಾಗಿ ಅಥವಾ ತುಸು ಹಿಂದಕ್ಕೆ, ಅಂದರೆ ಸೊನ್ನೆಯಿಂದ ಮೈನಸ್ 5 ಡಿಗ್ರಿ ಇರುವುದನ್ನು ಕೇಳಿ ಕೊಳ್ಳಿ. ಒಳರಂಧ್ರದ ಅಳತೆ (25.4 ಅಥವಾ 30 ಎಂಎಂ) ಬ್ಲೇಡ್ ಕೂರುವ ದಂಡವಾದ ಸ್ಪಿಂಡಲ್‌ಗೆ ಕೂರಬೇಕು. ಬ್ಲೇಡ್ ಮೇಲೆ ಬರೆದ, ನಿಮಿಷಕ್ಕೆ ಎಷ್ಟು ಸುತ್ತು ಎಂದು ಹೇಳುವ ಗರಿಷ್ಠ ಆರ್‌ಪಿಎಂ ಯಂತ್ರದ ಆರ್‌ಪಿಎಂಗಿಂತ ಕಡಿಮೆ ಇರಕೂಡದು.

ಇನ್ನು ಪೈಪ್ ತಿರುಗಿದ್ದು. ಹಲಗೆ ಟೇಬಲ್ ಮೇಲೆ ಅಂಗಾತ ಕೂರುತ್ತದೆ. ಪೈಪ್ ಟೇಬಲ್‌ಗೆ ಒಂದು ಗೆರೆ, ಹಿಂದೆ ಒರಗಿಸುವ ಪಟ್ಟಿಯಾದ ಫೆನ್ಸ್‌ಗೆ ಒಂದು ಗೆರೆಯಷ್ಟೇ ತಾಗುತ್ತದೆ. ಹಲ್ಲು ಕಚ್ಚಿದ ಕೂಡಲೇ ಲಟ್ಟಣಿಗೆಯಂತೆ ಉರುಳುತ್ತದೆ. ಎಷ್ಟೇ ಗಟ್ಟಿ ಕೈಯಾದರೂ ಅದನ್ನು ತಡೆಯಲಾರದು. ದಪ್ಪ ಮರದ ತುಂಡಿಗೆ 'ವಿ' ಆಕಾರದ ತೋಡು ಕೊಯ್ದು, ಫೆನ್ಸ್‌ಗೆ ಒರಗಿಸಿ ಬಿಗಿದು, ಅದರಲ್ಲಿ ಪೈಪ್ ಮಲಗಿಸಿ ಮೇಲಿಂದ ಕ್ಲ್ಯಾಂಪ್ ಹಾಕಿ. ಕ್ಲ್ಯಾಂಪ್ ನಿಮಗೆ ಬೇಕಾದ ಉದ್ದನೆಯ ಕಡೆಗೆ ಮಾತ್ರ. ಕತ್ತರಿಸಿ ಬೀಳುವ ತುಂಡಿಗೆ ತಳದಲ್ಲಿ ಆಸರೆ ಸಾಕು, ಅದರ ತುದಿಗೆ ಕಲ್ಲು, ಹಲಗೆ ಏನನ್ನೂ ಅಡ್ಡ ಇಡಬೇಡಿ. ಅಡ್ಡ ಇಟ್ಟರೆ ತುಂಡು ಬ್ಲೇಡಿಗೂ ಅಡ್ಡಕ್ಕೂ ನಡುವೆ ಸಿಕ್ಕಿ ಚಿಮ್ಮುತ್ತದೆ. 6 ಮೀಟರ್ ಪೈಪಿನ ಇನ್ನೊಂದು ತುದಿ ಟೇಬಲ್‌ನ ಮಟ್ಟಕ್ಕೇ ನಿಲ್ಲಬೇಕು. ಜೋತು ಬಿದ್ದರೆ ಕೊಯ್ದ ಸಂದು ಮುಚ್ಚಿ ಬ್ಲೇಡನ್ನು ಹಿಡಿಯುತ್ತದೆ.

ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮುಟ್ಟಿಸಿ, ಮೆಲ್ಲಗೆ ಇಳಿಸಿ. ತೀರಾ ನಿಧಾನ ಮಾಡಿದರೆ ಪಿವಿಸಿ ಕರಗಿ ಹಲ್ಲಿಗೆ ಮೆತ್ತುತ್ತದೆ. ಘಾಟು ಹೊಗೆ ಬಂತೆಂದರೆ ನಿಲ್ಲಿಸಿ. ಕೊಯ್ದು ಮುಗಿದಾಗ ಬ್ಲೇಡನ್ನು ಕೆಳಗೇ ಇಟ್ಟು ಸ್ವಿಚ್ ಬಿಡಿ, ಅದು ನಿಂತ ಮೇಲೆಯೇ ಎತ್ತಿ. ಬಹಳ ಮಂದಿ ತಿರುಗುತ್ತಿರುವಾಗಲೇ ಎತ್ತುತ್ತಾರೆ, ಚೂರುಗಳು ಹಾರುವುದು ಹೆಚ್ಚಾಗಿ ಆಗಲೇ. ಕೈ ಬ್ಲೇಡಿನಿಂದ 6 ಇಂಚು ದೂರವಿರಲಿ; ಅದಕ್ಕಿಂತ ಗಿಡ್ಡ ತುಂಡು ಬೇಕಿದ್ದರೆ ಹ್ಯಾಕ್ಸಾ ಹಿಡಿಯಿರಿ. ಕಣ್ಣಿಗೆ ಕನ್ನಡಕ ಬೇಕೇಬೇಕು. ಕೈಗವಸು ಬೇಡ, ಹೆಗಲ ಮೇಲಿನ ಟವೆಲ್ ಪಕ್ಕಕ್ಕಿಡಿ.

ನಮ್ಮ ಕಡೆಯ ಬಿಸಿಲಿನದೂ ಒಂದು ಮಾತು. ಬದುವಿನ ಮೇಲೆ ಬಹುಕಾಲ ಬಿದ್ದಿದ್ದ ಪೈಪ್ ಬಿಸಿಲು ಬಿದ್ದ ಮಗ್ಗುಲಲ್ಲಿ ಬಣ್ಣಗೆಟ್ಟು ಪೆಡಸಾಗಿರುತ್ತದೆ. ಯಾವ ಬ್ಲೇಡ್ ಹಾಕಿದರೂ ಸೀಳುತ್ತದೆ. ಹೊಸ ಪೈಪಾದರೂ ಮೇ ತಿಂಗಳ ಮಧ್ಯಾಹ್ನ ಬಯಲಲ್ಲಿ ಕಾದಿದ್ದರೆ ನೆರಳಲ್ಲಿ ಆರಿಸಿಯೇ ಕೊಯ್ಯಿರಿ.

ಪ್ರಶ್ನೆ: ಮೈಟರ್ ಸಾ ಕಿಡಿ ಕಾರುತ್ತದೆ, ನಡುವೆ ನಿಲ್ಲುತ್ತದೆ, ತಟ್ಟಿದರೆ ಮತ್ತೆ ಓಡುತ್ತದೆ. ಮೋಟಾರ್ ಸುಟ್ಟಿದೆಯೇ?
– ಓದುಗರು, ಗಂಗಾವತಿ

ಉತ್ತರ: ತಟ್ಟಿದರೆ ಓಡುತ್ತದೆ ಎಂದರೆ ಮೊದಲ ಅನುಮಾನ ಕಾರ್ಬನ್ ಬ್ರಷ್ ಮೇಲೆ, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇದ್ದಿಲ ತುಂಡುಗಳ ಮೇಲೆ. ಪ್ಲಗ್ ಕಿತ್ತು ಎದುರಿಗೇ ಇಟ್ಟುಕೊಳ್ಳಿ. ಮೋಟಾರ್‌ನ ಎರಡೂ ಬದಿಯ ಮುಚ್ಚಳ ಬಿಚ್ಚಿ. ಬ್ರಷ್ ಸವೆತದ ಗೆರೆಗೆ ಬಂದಿದ್ದರೆ, ಗೆರೆ ಇಲ್ಲದಿದ್ದರೆ 6 ಎಂಎಂಗಿಂತ ಗಿಡ್ಡವಾಗಿದ್ದರೆ, ಎರಡನ್ನೂ ಒಟ್ಟಿಗೆ ಬದಲಿಸಿ. ಉದ್ದ ಉಳಿದಿದ್ದರೂ ಗೂಡಿನೊಳಗೆ ಸಲೀಸಾಗಿ ಜಾರುತ್ತದೆಯೇ ನೋಡಿ: ಪಿವಿಸಿ ಪುಡಿ ಸ್ಥಿರ ವಿದ್ಯುತ್ತಿನಿಂದ ಅಂಟಿಕೊಳ್ಳುತ್ತದೆ, ಅದು ಗೂಡಿಗೆ ತುಂಬಿದರೆ ಬ್ರಷ್ ಸಿಕ್ಕಿಬಿದ್ದು, ತಾನು ಉಜ್ಜಬೇಕಾದ ತಾಮ್ರದ ಉರುಳೆಯಾದ ಕಮ್ಯುಟೇಟರ್‌ಗೆ ತಾಗುವುದಿಲ್ಲ. ಬ್ಲೋವರ್‌ನಿಂದ ಊದಿ. ಹೊಸ ಬ್ರಷ್ ಹಾಕಿ ಕೆಲ ನಿಮಿಷ ಭಾರವಿಲ್ಲದೆ ಓಡಿಸಿ. ಮೊದಲಿಗೆ ತುಸು ಕಿಡಿ ಸಹಜ. ಆಮೇಲೂ ಕಿಡಿ ಕಮ್ಯುಟೇಟರ್ ಸುತ್ತ ಬಳೆಯಾಗಿ ಸುತ್ತುತ್ತಿದ್ದರೆ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಕೆಟ್ಟಿರುವ ಸಂಭವ ಹೆಚ್ಚು, ರಿವೈಂಡಿಂಗ್ ಅಂಗಡಿಗೆ ಒಯ್ಯಿರಿ. ಹೊಲದವರೆಗೆ ಎಳೆದ ಸಣ್ಣ ವೈರಿನಲ್ಲಿ ವೋಲ್ಟೇಜ್ ಬಿದ್ದೂ ಯಂತ್ರ ಏದುಸಿರು ಬಿಡುತ್ತದೆ, 2.5 ಚದರ ಎಂಎಂ ತಾಮ್ರದ ವೈರ್ ಬಳಸಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ.

ಪ್ರಶ್ನೆ: ಮೈಟರ್ ಸಾದಲ್ಲಿ ಬ್ಲೇಡನ್ನು ಮುಚ್ಚುವ ಕೆಳಗಿನ ಗಾರ್ಡ್ ಅರ್ಧಕ್ಕೇ ನಿಲ್ಲುತ್ತದೆ. ತಂತಿಯಿಂದ ಮೇಲಕ್ಕೆ ಕಟ್ಟಿ ಕೆಲಸ ಮಾಡಬಹುದೇ? ಬ್ಲೇಡ್ ಬೋಲ್ಟೂ ಬಿಚ್ಚಲು ಬರುತ್ತಿಲ್ಲ.
– ಓದುಗರು, ಮಾನ್ವಿ

ಉತ್ತರ: ಕಟ್ಟಲೇಬೇಡಿ. ಪ್ಲಗ್ ಕಿತ್ತು, ಗಾರ್ಡಿನ ತಿರುಗಣೆಯಲ್ಲಿ ಮೆತ್ತಿದ ಪ್ಲಾಸ್ಟಿಕ್ಕನ್ನು ಕಟ್ಟಿಗೆ ಕಡ್ಡಿಯಿಂದ ಕೆರೆದು ಬ್ರಷ್ ಆಡಿಸಿ. ಎಣ್ಣೆ ಹಾಕಿದರೆ ಪುಡಿ ಸೇರಿ ಇನ್ನಷ್ಟು ಹಿಡಿಯುತ್ತದೆ. ಆದರೂ ತಾನಾಗಿ ಮುಚ್ಚದಿದ್ದರೆ ಸ್ಪ್ರಿಂಗ್ ಬದಲಿಸಿ. ಬೋಲ್ಟ್ ವಿಷಯಕ್ಕೆ: ಬಹುತೇಕ ಮೈಟರ್ ಸಾಗಳಲ್ಲಿ ಅದು ಎಡಮರೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಬಿಚ್ಚುತ್ತದೆ. ಸ್ಪಿಂಡಲ್ ಲಾಕ್ ಒತ್ತಿ ಹಿಡಿದು ತಿರುಗಿಸಿ. ಮರಳಿ ಹಾಕುವಾಗ ಬ್ಲೇಡ್ ಮೇಲಿನ ಬಾಣ ಗಾರ್ಡ್ ಮೇಲಿನ ಬಾಣದ ದಿಕ್ಕಿಗೇ ಇರಬೇಕು.

ಪ್ರಶ್ನೆ: ಪಿವಿಸಿ ಪೈಪಿಗೆಂದು, ಕಬ್ಬಿಣ ಕೊಯ್ಯುವ 14 ಇಂಚಿನ ಮಷಿನ್ ಅಥವಾ ಗ್ರೈಂಡರ್‌ಗೆ ಮರ ಕೊಯ್ಯುವ ಬ್ಲೇಡ್ ಹಾಕಿದರೆ ನಡೆಯುತ್ತದೆಯೇ?
– ಓದುಗರು, ಬಳ್ಳಾರಿ

ಉತ್ತರ: ಎರಡೂ ಬೇಡ. ಕಬ್ಬಿಣದ ಮಷಿನ್‌ನ ಕಲ್ಲಿನ ಚಕ್ರ ಪಿವಿಸಿಯನ್ನು ಕೊಯ್ಯುವುದಕ್ಕಿಂತ ಹೆಚ್ಚು ಕರಗಿಸುತ್ತದೆ. ಅದರ ಗಾರ್ಡ್ ಹಲ್ಲಿನ ಬ್ಲೇಡಿಗೆಂದು ಮಾಡಿದ್ದಲ್ಲ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ಓಡುತ್ತದೆ. ಹಲ್ಲಿನ ಬ್ಲೇಡ್ ಕಚ್ಚಿದರೆ ಯಂತ್ರವೇ ಕೈಯಿಂದ ಚಿಮ್ಮಿ ಮೈಮೇಲೆ ಬರುತ್ತದೆ.

ಪ್ರಶ್ನೆ: ಪೈಪನ್ನು 45 ಡಿಗ್ರಿಗೆ ಕೊಯ್ದು ಅಂಟಿಸಿ ಎಲ್ಬೋ ಮಾಡಿಕೊಳ್ಳಬಹುದೇ?
– ಓದುಗರು, ಕುಷ್ಟಗಿ

ಉತ್ತರ: ಪಂಪಿನ ಒತ್ತಡಕ್ಕೆ ನಿಲ್ಲದು. ಸಾಲ್ವೆಂಟ್ ಸಿಮೆಂಟಿಗೆ (ಪಿವಿಸಿ ಅಂಟಿಗೆ) ಎಲ್ಬೋದ ಅಗಲ ಬಾಯಿಯಾದ ಸಾಕೆಟ್‌ನೊಳಗೆ ಪೈಪ್ ಇಂಚುಗಟ್ಟಲೆ ಕೂರುವ ಜಾಗ ಬೇಕು, ನಿಮ್ಮ ಜೋಡಣೆಯಲ್ಲಿ ಸಿಗುವುದು ಗೋಡೆಯ ದಪ್ಪವಷ್ಟೇ. ಅಂಗಡಿಯ ಎಲ್ಬೋ ತನ್ನಿ. ಪೈಪ್ ನೇರವಾಗಿ ಕೊಯ್ದು, ಒಳ-ಹೊರ ಅಂಚಿನ ಸಿಬಿರು ತೆಗೆದು, ಹೊರ ಅಂಚನ್ನು ಅರದಿಂದ ತುಸು ಇಳಿಜಾರು ಮಾಡಿ. ಇಲ್ಲದಿದ್ದರೆ ಚೂಪು ಅಂಚು ಹಚ್ಚಿದ ಸಿಮೆಂಟನ್ನೆಲ್ಲ ಕೆರೆದು ಒಳಕ್ಕೆ ತಳ್ಳುತ್ತದೆ.