ಗಡಿನಾಡಿನ ಕನ್ನಡ ಶಾಲೆಗೆ ಸ್ಮಾರ್ಟ್ ಕ್ಲಾಸ್ ಮೊದಲೋ, ವಾಹನ ಮೊದಲೋ?

ಹಳೆ ವಿದ್ಯಾರ್ಥಿಗಳು ಕೂಡಿಸಿದ ಹಣವನ್ನು ಸ್ಮಾರ್ಟ್ ಕ್ಲಾಸಿಗೆ ಹಾಕಬೇಕೋ, ಶಾಲಾ ವಾಹನಕ್ಕೋ ಎಂದು ಕೇಳಿದ್ದೀರಿ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಮಂಜೇಶ್ವರ ಉಪಜಿಲ್ಲೆಯ ನಮ್ಮೂರ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ರಕ್ಷಕ ಶಿಕ್ಷಕ ಸಂಘದಲ್ಲಿ ನಾವೂ ಒಂದು ಬೇಸಗೆಯಿಡೀ ಇದನ್ನೇ ಚರ್ಚಿಸಿದ್ದೆವು. 2017ರಲ್ಲಿ ಕೇರಳ ಸರಕಾರ ಸರಕಾರಿ ಶಾಲೆಗಳನ್ನು ಬಲಪಡಿಸುವ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞವನ್ನು ಆರಂಭಿಸಿದ ಮೇಲೆ ಊರಿನಲ್ಲಿ ಹುರುಪು ಮೂಡಿತ್ತು. ಗಲ್ಫಿನಲ್ಲಿರುವವರು ಹಣ ಕಳುಹಿಸಿದರು, ವ್ಯಾನು ಬಂತು, ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಿದೆವು. ಕನ್ನಡ ವಿಭಾಗದ ಒಂದನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ 30ನ್ನು ದಾಟಿತು. ಹಾಗಿದ್ದೂ ಎರಡನೇ ಡಿವಿಷನ್, ಅಂದರೆ ಅದೇ ತರಗತಿಗೆ ಇನ್ನೊಂದು ಕೊಠಡಿ ಮತ್ತು ಇನ್ನೊಬ್ಬ ಟೀಚರ್, ಮಂಜೂರಾಗಲಿಲ್ಲ.

ಇದರ ಕಾರಣವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಎಡವುವುದು ಇಲ್ಲಿಯೇ. ನಮ್ಮ ರಾಜ್ಯದಲ್ಲಿ ಶಾಲೆಗೆ ಎಷ್ಟು ಶಿಕ್ಷಕ ಹುದ್ದೆಗಳೆಂಬುದು ಜೂನಿನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ನಿಂತಿದೆ. ಆ ವರ್ಷ ತರಗತಿಯಲ್ಲಿ ಕುಳಿತ ಮಕ್ಕಳೆಲ್ಲರೂ ಆ ಲೆಕ್ಕಕ್ಕೆ ಬರಲಿಲ್ಲ; ಶಾಲಾ ಮಕ್ಕಳ ವಿವರ ದಾಖಲಿಸುವ ಸರಕಾರದ ‘ಸಂಪೂರ್ಣ’ ತಂತ್ರಾಂಶದಲ್ಲಿ ಯಾರ ಆಧಾರ್ ವಿವರ ಸರಿಹೊಂದಿತ್ತೋ ಅವರು ಮಾತ್ರ ಬಂದರು. ಗಡಿಯ ಮಕ್ಕಳಿಗೆ ಇದು ಸುಲಭವಲ್ಲ. ತಾಯಿಯ ತವರು ಕರ್ನಾಟಕದಲ್ಲಿ, ಹೆರಿಗೆ ಮಂಗಳೂರಿನಲ್ಲಿ. ಒಂದು ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೇ ಖಾಲಿಯಿತ್ತು. ಇನ್ನೊಂದು ಮಗುವಿಗೆ ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮುಂದೆ, ಶಾಲೆಯ ಅರ್ಜಿಯಲ್ಲಿ ಹಿಂದೆ. ಕೆಲವರ ಕೈಯಲ್ಲಿ ಆಧಾರ್ ನೋಂದಣಿಯ ಚೀಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನೆಲ್ಲ ಮುಖ್ಯೋಪಾಧ್ಯಾಯಿನಿಯವರು ನೋಡಿಕೊಳ್ಳುತ್ತಾರೆಂದು ನಾವು ಭಾವಿಸಿದೆವು. ಪಾಠ, ಬಿಸಿಯೂಟದ ಲೆಕ್ಕ, ಪ್ರವೇಶೋತ್ಸವ ಎಲ್ಲವೂ ಅವರ ತಲೆಯ ಮೇಲಿತ್ತು. ಆ ವಾರ ನಾವು ವ್ಯಾನಿನ ಉದ್ಘಾಟನೆಗೆ ಶಾಮಿಯಾನ ಹಾಕಿಸುತ್ತಿದ್ದೆವು. ಗಡುವು ಕಳೆದ ಮೇಲೆ ದಾಖಲೆ ತಂದರೆ ಆ ವರ್ಷಕ್ಕೆ ಉಪಯೋಗವಿಲ್ಲ. ಒಬ್ಬರೇ ಟೀಚರ್ ವರ್ಷವಿಡೀ ಅಷ್ಟೂ ಮಕ್ಕಳನ್ನು ನಿಭಾಯಿಸಿದರು. ಅಕ್ಷರ ತಿದ್ದಿಸಲು ಒಬ್ಬೊಬ್ಬರ ಬಳಿ ಕೂರುವುದು ಅವರಿಂದ ಸಾಧ್ಯವಾಗಲಿಲ್ಲ. ಮರುವರ್ಷ ಹಲವು ಹೆತ್ತವರು ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಒಯ್ದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲ್ಯಾಪ್‌ಟಾಪು, ಪ್ರೊಜೆಕ್ಟರುಗಳನ್ನು ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರದ ‘ಕೈಟ್’ ಸಂಸ್ಥೆ ಪ್ರಾಥಮಿಕ ಶಾಲೆಗಳಿಗೂ ಕೊಟ್ಟಿದೆ. ಸರಕಾರಿ ಪ್ರಾಥಮಿಕ ಶಾಲೆಯ ಕಟ್ಟಡದ ದುರಸ್ತಿ ಗ್ರಾಮ ಪಂಚಾಯತಿನ ಹೊಣೆ, ಅದನ್ನು ಗ್ರಾಮಸಭೆಯಲ್ಲಿ ಹಕ್ಕಿನಿಂದಲೇ ಕೇಳಿ. ಕನ್ನಡ ಬಲ್ಲ ಶಿಕ್ಷಕರನ್ನು ಮಾತ್ರ ಯಾವ ದಾನಿಯೂ ಕೊಡಿಸಲಾರ. ಮಾರ್ಚಿನಲ್ಲೇ ಅಂಗನವಾಡಿಯಿಂದ ಮಕ್ಕಳ ಪಟ್ಟಿ ಪಡೆಯಿರಿ. ಶಾಲೆಯ ತಾಯಂದಿರ ಕೂಟವಾದ ಮಾತೃಸಂಘದ ಇಬ್ಬರು ಒಂದೊಂದು ಮನೆಯ ದಾಖಲೆಗಳನ್ನು ಪರಿಶೀಲಿಸಲಿ. ಆಧಾರ್‌ನಂಥ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದ ಶುಲ್ಕಕ್ಕೂ, ಕೂಲಿ ಬಿಟ್ಟು ಮಂಗಳೂರಿಗೆ ಹೋಗಿ ಬರಬೇಕಾದ ತಾಯಂದಿರ ಖರ್ಚಿಗೂ ನಿಮ್ಮ ಹಣ ಹೋಗಲಿ.

ಇನ್ನೊಂದು ಮಾತು. ಕೇರಳ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳಿಗೆ ಪ್ರತ್ಯೇಕ ಆಯ್ಕೆ ನಡೆಸುತ್ತದೆ. ಆದ್ದರಿಂದ ಶಿಕ್ಷಕರು ನಿವೃತ್ತರಾಗುವ ಮೊದಲೇ, ಖಾಲಿ ಹುದ್ದೆಯ ವರದಿಯಲ್ಲಿ ಮಾಧ್ಯಮವನ್ನು ನಮೂದಿಸಿದ್ದಾರೆಯೇ ಎಂದು ವಿಚಾರಿಸಿ. ಕನ್ನಡ ಅರಿಯದವರನ್ನು ಕಳುಹಿಸಿದರೆ ಅದೇ ವಾರ ಲಿಖಿತ ಆಕ್ಷೇಪ ಸಲ್ಲಿಸಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದು, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ. ಅರ್ಜಿಯಲ್ಲಿ ಆ ವಿಧಿಯನ್ನು ಮರೆಯದೆ ಉಲ್ಲೇಖಿಸಿ.

ಶಾಲೆಗೆ ಎಷ್ಟು ಶಿಕ್ಷಕರೆಂದು ಹೇಳುವ ಹುದ್ದೆ ನಿರ್ಣಯದ ಆದೇಶದ ಪ್ರತಿ ಕೈಗೆ ಬಂದ ಮೇಲೆ ಉಳಿದ ಹಣದಲ್ಲಿ ವಾಹನದ ಮಾತೆತ್ತಬಹುದು. ಸ್ಮಾರ್ಟ್ ಕ್ಲಾಸಿಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ.