ಎರಡು ಕಾಲಮ್‌ಗಳ ಫಾರಿನ್ ಕೀಯನ್ನು ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿ ಬರೆಯುವ ಬಗೆ

ನಮಸ್ಕಾರ. ಹಾಲಿನ ಸಂಘಗಳ ಲೆಕ್ಕಕ್ಕೆಂದು ನೀವು ಬರೆಯುತ್ತಿರುವ ಪ್ರೋಗ್ರಾಮಿನಲ್ಲಿ ಸಂಘದ ಸಂಖ್ಯೆ, ಸದಸ್ಯ ಸಂಖ್ಯೆ ಎರಡೂ ಸೇರಿ ಸದಸ್ಯರ ಟೇಬಲ್ಲಿನ ಪ್ರೈಮರಿ ಕೀ (ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಕೀ) ಆಗಿದ್ದು, ಹಾಲು ಹಾಕಿದ ದಾಖಲೆಯ ಟೇಬಲ್ಲನ್ನು ಅದಕ್ಕೆ ಜೋಡಿಸಲು ಹೋದರೆ, ಹೊಂದುವ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ನಿರ್ಬಂಧ) ಇಲ್ಲವೆಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ತಿರಸ್ಕರಿಸುತ್ತಿರುವುದೇಕೆ ಎಂದು ಕೇಳಿದ್ದೀರಿ. ಎರಡೂ ಕಾಲಮ್‌ಗಳಿಗೆ ಒಂದೊಂದು ಫಾರಿನ್‌ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ಸೂಚಿಸುವ ಕೊಂಡಿ) ಬರೆದಿರುವುದೇ ಕಾರಣ. ಹಾಗೆ ಬರೆದಾಗ ಎಸ್‌ಕ್ಯುಎಲ್‌ಆಲ್ಕೆಮಿ (ಪೈಥಾನ್‌ನಿಂದ ಡೇಟಾಬೇಸ್ ಬಳಸಲು ಇರುವ ಲೈಬ್ರರಿ) ಅದನ್ನು ಜೋಡಿಯೆಂದು ತಿಳಿಯದೆ ಎರಡು ಬಿಡಿ ನಿರ್ಬಂಧಗಳನ್ನು ಸೃಷ್ಟಿಸುತ್ತದೆ. 12ನೇ ಸದಸ್ಯರು ಪ್ರತಿ ಸಂಘದಲ್ಲೂ ಇರುವುದರಿಂದ ಆ ಸಂಖ್ಯೆಯೊಂದೇ ಯಾರನ್ನೂ ಗುರುತಿಸಲಾರದು. ಡೇಟಾಬೇಸಿನ ತಕರಾರು ನ್ಯಾಯವಾದದ್ದೇ.

ಕಾಲಮ್‌ಗಳ ಮೇಲಿನ ಫಾರಿನ್‌ಕೀ ತೆಗೆದುಹಾಕಿ, ಕ್ಲಾಸಿನ ಟೇಬಲ್ ಆರ್ಗ್ಸ್‌ನಲ್ಲಿ (ಇಡೀ ಟೇಬಲ್ಲಿಗೆ ಅನ್ವಯಿಸುವ ನಿಯಮಗಳನ್ನು ಬರೆಯುವ __table_args__) ಒಂದೇ ಫಾರಿನ್‌ಕೀಕನ್‌ಸ್ಟ್ರೇಂಟ್ ಬರೆದು, ಅದಕ್ಕೆ ಮೊದಲು ಈ ಟೇಬಲ್ಲಿನ ಎರಡು ಕಾಲಮ್‌ಗಳ ಪಟ್ಟಿಯನ್ನೂ ಆಮೇಲೆ ಸದಸ್ಯರ ಟೇಬಲ್ಲಿನ ಕಾಲಮ್‌ಗಳ ಪಟ್ಟಿಯನ್ನೂ ಕೊಡಿ. ನಿರ್ಬಂಧ ಒಂದೇ ಇದ್ದರೂ ಅದರ ನಂತರ ಅಲ್ಪವಿರಾಮ ಹಾಕಲೇಬೇಕು, ಇಲ್ಲದಿದ್ದರೆ ಪೈಥಾನ್ ಅದನ್ನು ಟ್ಯೂಪಲ್ (ಆವರಣದೊಳಗಿನ ಪಟ್ಟಿ) ಎಂದು ಪರಿಗಣಿಸುವುದಿಲ್ಲ.

ಪಟ್ಟಿಗಳ ಕ್ರಮದ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಜೋಡಣೆ ನಡೆಯುವುದು ಹೆಸರಿನಿಂದಲ್ಲ, ಸ್ಥಾನದಿಂದ. ನಾನೊಮ್ಮೆ ಎರಡನೆಯ ಪಟ್ಟಿಯನ್ನು ತಿರುವುಮುರುವಾಗಿ ಬರೆದಿದ್ದೆ. ಎರಡೂ ಪೂರ್ಣಾಂಕಗಳಾದ್ದರಿಂದ ಪೋಸ್ಟ್‌ಗ್ರೆಸ್ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು. 3ನೇ ಸಂಘದ 12ನೇ ಸದಸ್ಯರ ದಾಖಲೆ ತೆರೆದರೆ 12ನೇ ಸಂಘದ 3ನೇ ಸದಸ್ಯರ ಹೆಸರು ಬರುತ್ತಿತ್ತು. ಅಂಥ ಸದಸ್ಯರೇ ಇಲ್ಲದ ಕಡೆ ದಾಖಲೆ ಸೇರಿಸುವಾಗ ದೋಷ ಬಂದದ್ದರಿಂದಲೇ ತಪ್ಪು ಬೆಳಕಿಗೆ ಬಂತು.

ಹಾಲಿನ ದಾಖಲೆಯಿಂದ ಸಂಘಕ್ಕೂ ನೇರ ರಿಲೇಶನ್‌ಶಿಪ್ (ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗುವ ಕೊಂಡಿ) ಇಟ್ಟರೆ, ಸಂಘದ ಸಂಖ್ಯೆಯ ಒಂದೇ ಕಾಲಮ್ಮಿಗೆ ಇಬ್ಬರು ಯಜಮಾನರಾಗುತ್ತಾರೆ ಮತ್ತು ಎಸ್‌ಕ್ಯುಎಲ್‌ಆಲ್ಕೆಮಿ ಎಚ್ಚರಿಕೆ ನೀಡುತ್ತದೆ. ಸಂಘದ ಕಡೆಯದಕ್ಕೆ ವ್ಯೂಓನ್ಲಿ (ಓದಲು ಮಾತ್ರ, ಬರೆಯಲು ಅಲ್ಲ) ಹಾಕಿದರೆ, ಸದಸ್ಯರನ್ನು ಜೋಡಿಸಿದಾಗ ಎರಡೂ ಸಂಖ್ಯೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ.

ಜೋಡಿ ಕೀಯ ಬದಲು ಪ್ರತಿ ಸದಸ್ಯರಿಗೂ ಒಂದೇ ಸಂಖ್ಯೆಯ ಬಿಡಿ ಐಡಿ ಕೊಟ್ಟುಬಿಡಿ ಎಂಬ ಸಲಹೆಯೂ ಇದೆ, ಅದು ಸುಲಭವೇನೋ ಹೌದು. ಆದರೆ ಹಾಲಿನ ದಾಖಲೆಯಲ್ಲಿ ಸಂಘದ ಸಂಖ್ಯೆಯೂ ಉಳಿಯುವುದಾದರೆ, ಒಂದು ಸಂಘದ ದಾಖಲೆಗೆ ಮತ್ತೊಂದು ಸಂಘದ ಸದಸ್ಯರು ಅಂಟಿಕೊಳ್ಳುವುದನ್ನು ಆ ಬಿಡಿ ಐಡಿಯ ಫಾರಿನ್ ಕೀಯೊಂದರಿಂದಲೇ ಡೇಟಾಬೇಸ್ ತಡೆಯಲಾರದು. ಆದ್ದರಿಂದ ನಿಮ್ಮ ಜೋಡಿ ಕೀಯನ್ನೇ ಉಳಿಸಿಕೊಂಡು, ಎರಡೂ ಕಾಲಮ್‌ಗಳಿಗೆ ನಲ್ಲಬಲ್ ಫಾಲ್ಸ್ (ನಲ್, ಅಂದರೆ ಖಾಲಿ, ಬಿಡುವಂತಿಲ್ಲ) ಎಂದು ಬರೆಯಿರಿ. ಒಂದು ಕಾಲಮ್ ನಲ್ ಆಗಿದ್ದರೂ ಸಾಮಾನ್ಯ ಫಾರಿನ್ ಕೀ ಇನ್ನೊಂದನ್ನು ಪರಿಶೀಲಿಸುವ ಗೋಜಿಗೇ ಹೋಗುವುದಿಲ್ಲ.