ಕೊಪ್ಪಳದಿಂದ ಕಡಲಿಗೆ: ಕಾರವಾರಕ್ಕೇ ಹೋಗ್ರಿ

ಡಿಸೆಂಬರ್‌ದಾಗ ಎರಡು ದಿನ, ಕೊಪ್ಪಳದಿಂದ ಕಾರು, ಜೊತೆಗೆ ಮಂಡಿನೋವಿನ ಅಮ್ಮ. ಗೋಕರ್ಣವೋ ಕಾರವಾರವೋ ಅಂತ ಕೇಳೀರಿ. ಕಣ್ಣುಮುಚ್ಚಿ ಕಾರವಾರ ಅನ್ರಿ. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲು ಇಳೀಬೇಕು. ಕಾರವಾರದಾಗ ಠಾಗೋರ್ ಕಡಲತೀರ ಹೆದ್ದಾರಿ ಮಗ್ಗುಲಕ್ಕೇ ಐತಿ. ಅಲ್ಲೇ ಐಎನ್‌ಎಸ್ ಚಾಪಲ್ ಯುದ್ಧನೌಕೆ ದಡಕ್ಕೇರಿ ನಿಂತೈತಿ. ಒಳಗ ಇಕ್ಕಟ್ಟು ಏಣಿ, ಅಮ್ಮನ್ನ ಹೊರಗೇ ಕೂಡ್ರಿಸ್ರಿ.

ದೋಣಿ ಬೇಕಂದ್ರ ಬೆಳಿಗ್ಗೇನೇ ಹತ್ರಿ, ಮಧ್ಯಾಹ್ನ ಗಾಳಿ ಏಳ್ತದ. ಕಾಳಿ ನದಿ ಕಡಲು ಸೇರೋ ಜಾಗ ಅದು, ನಮ್ಮ ಸಾಣಾಪುರ ಕೆರೆಯ ಹರಿಗೋಲಲ್ಲ! ಸೇತುವೆ ದಾಟಿದ್ರ ಸದಾಶಿವಗಡ ಕೋಟೆ. ಗೋಡೆ ಉಳಿದದ್ದು ಕಡಿಮೆ, ಆದ್ರ ಮೇಲಿಂದ ನದಿ, ಕಡಲು ಎರಡೂ ಕಾಣ್ತಾವ.

ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ ಹಿಡೀರಿ. ಅರಬೈಲ್ ಘಾಟ್ ಮಾತ್ರ ಹೊತ್ತು ಮುಳುಗೋದ್ರೊಳಗ ಇಳೀರಿ, ಲಾರಿ ಕಾಟ ಭಾಳ.